ಆರು ಮೇವು ಬ್ಯಾಂಕ್, ನೂರು ಊರು: ಜಾಗ ಹುಡುಕುವುದು ಹೇಗೆ

ಮಳೆ ಕೈಕೊಟ್ಟ ವರ್ಷ ವಿಜಯಪುರ ಜಿಲ್ಲೆಯಲ್ಲಿ ಬಣವಿ ಬೇಗ ಕರಗುತ್ತದೆ. ಯುಗಾದಿ ದಾಟುವ ಹೊತ್ತಿಗೆ ಎಲ್ಲರ ಬಾಯಲ್ಲೂ ಕಣಕಿಯ ರೇಟಿನದೇ ಮಾತು. ಆಗ ಮೇವು ಬ್ಯಾಂಕ್ ತೆರೆಯಬೇಕು ಅನ್ನುತ್ತಾರೆ. ಎಲ್ಲಿ ತೆರೆಯಬೇಕು ಅನ್ನುವ ಪ್ರಶ್ನೆಗೆ ಮಾತ್ರ ಸಾಮಾನ್ಯವಾಗಿ ಒಂದೇ ಉತ್ತರ: ತಾಲ್ಲೂಕಿನ ಊರಲ್ಲಿ, ಇಲ್ಲವೇ ದೊಡ್ಡ ಊರಲ್ಲಿ. ಮೂಲೆಯ ಹಳ್ಳಿಯವರು ಟಂಟಂ ಬಾಡಿಗೆ ಕೊಟ್ಟು ಬಂದು, ಮೇವಿಗೆ ಕೊಟ್ಟದ್ದಕ್ಕಿಂತ ಬಾಡಿಗೆಗೇ ಜಾಸ್ತಿ ಕೊಟ್ಟು ಹೋಗುತ್ತಾರೆ. ಇದನ್ನು ಲೆಕ್ಕ ಹಾಕಿ ಸರಿ ಮಾಡಬಹುದು. ದೊಡ್ಡ ಸಾಫ್ಟ್‌ವೇರ್ ಬೇಡ, ದೊಡ್ಡ ಗಣಿತವೂ ಬೇಡ. ಒಂದು ಲ್ಯಾಪ್‌ಟಾಪ್, ಕ್ಯೂಜಿಐಎಸ್ ಅನ್ನುವ ನಕ್ಷೆಯ ಉಚಿತ ಸಾಫ್ಟ್‌ವೇರ್, ಒಂದು ಎಕ್ಸೆಲ್ ಶೀಟು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೇವು ಬ್ಯಾಂಕನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ ಅಷ್ಟೇ. ಹಾಲಿನ ಡೇರಿ, ಆಂಬುಲೆನ್ಸ್ ನಿಲ್ಲಿಸುವ ಜಾಗ, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್, ಎಲ್ಲದಕ್ಕೂ ಇದೇ ದಾರಿ.

ಎಲ್ಲಾ ಲೆಕ್ಕ ಹಾಕಿ ನೋಡೋಣ ಅಂದರೆ ಆಗುತ್ತಾ?

ನೂರು ಊರು ಇವೆ, ಆರು ಬ್ಯಾಂಕ್ ಇಡಬೇಕು ಅಂತಿಟ್ಟುಕೊಳ್ಳಿ. ನೂರರಲ್ಲಿ ಆರನ್ನು ಆರಿಸುವ ದಾರಿಗಳು 119,20,52,400. ಅಂದರೆ 119 ಕೋಟಿಗೂ ಜಾಸ್ತಿ. ಆರರ ಬದಲು ಹತ್ತು ಬ್ಯಾಂಕ್ ಅಂದರೆ ಇದು 17 ಲಕ್ಷ ಕೋಟಿ ದಾಟುತ್ತದೆ. ಬ್ಯಾಂಕ್ ಹೆಚ್ಚಿದ್ದು ನಾಲ್ಕು, ಲೆಕ್ಕ ಬೆಳೆದದ್ದು ಎಲ್ಲಿಗೋ. ಈ ಲೆಕ್ಕಕ್ಕೆ ಪಿ-ಮೀಡಿಯನ್ ಅಂತ ಹೆಸರು. 'ಪಿ' ಅಂದರೆ ಎಷ್ಟು ಕೇಂದ್ರ ಇಡಬೇಕೋ ಆ ಸಂಖ್ಯೆ. ಎಲ್ಲ ಊರಿನವರೂ ತಮಗೆ ಹತ್ತಿರದ ಕೇಂದ್ರಕ್ಕೆ ಹೋಗುತ್ತಾರೆ ಅಂತ ಹಿಡಿದು, ಒಟ್ಟು ಓಡಾಟ ಆದಷ್ಟು ಕಡಿಮೆ ಮಾಡುವುದು ಗುರಿ.

1964ರಲ್ಲಿ ಹಕೀಮಿ ಎಂಬವರು ಇದರ ಬಗ್ಗೆ ತುಂಬಾ ಉಪಯೋಗದ ಒಂದು ಮಾತನ್ನು ಸಾಬೀತು ಮಾಡಿದರು. ರಸ್ತೆಗಳ ಜಾಲದಲ್ಲಿ ಎಲ್ಲಿ ಬೇಕಾದರೂ ಕೇಂದ್ರ ಇಡಬಹುದು ಅಂದರೂ, ಊರುಗಳು ಮತ್ತು ರಸ್ತೆ ಕೂಡುವ ಜಾಗಗಳಲ್ಲಿ ಮಾತ್ರ ಹುಡುಕಿದರೆ ಸಾಕು, ಅದಕ್ಕಿಂತ ಒಳ್ಳೆಯ ಉತ್ತರ ರಸ್ತೆಯ ನಡುವೆ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಊರುಗಳ ಪಟ್ಟಿ ಮತ್ತು ದೊಡ್ಡ ಕ್ರಾಸ್‌ಗಳ ಪಟ್ಟಿ ಹಿಡಿದುಕೊಂಡು ಕೂತರೆ ಆಯಿತು, ನಡುವಿನ ಹೊಲಗಳನ್ನೆಲ್ಲ ಜಾಲಾಡಬೇಕಿಲ್ಲ.

ಆ ಪಟ್ಟಿಯಲ್ಲೂ ಎಲ್ಲ ಜೋಡಣೆ ನೋಡಲಾಗದು ಅನ್ನುವುದಕ್ಕೇ ಹ್ಯೂರಿಸ್ಟಿಕ್ ಬೇಕು. ಹ್ಯೂರಿಸ್ಟಿಕ್ ಅಂದರೆ ಅನುಭವಸ್ಥರು ಹುಡುಕುವ ಹಾಗೆ ಹುಡುಕುವುದು. ಒಂದು ಕಡೆಯಿಂದ ಶುರು ಮಾಡು, ಸ್ವಲ್ಪ ಬದಲಿಸಿ ನೋಡು, ಒಳ್ಳೆಯದಾದರೆ ಇಟ್ಟುಕೋ. ಇದೇ ಅತಿ ಒಳ್ಳೆಯ ಉತ್ತರ ಅಂತ ಗ್ಯಾರಂಟಿ ಇರುವುದಿಲ್ಲ, ಆದರೆ ಒಳ್ಳೆಯ ಉತ್ತರ ಬೇಗ ಸಿಗುತ್ತದೆ.

ಮೊದಲು ದೂರದ ಪಟ್ಟಿ, ಆಮೇಲೆ ಉಳಿದದ್ದು

ಈ ಕೆಲಸದಲ್ಲಿ ಮುಕ್ಕಾಲು ಪಾಲು ಸಮಯ ಇಲ್ಲಿಗೇ ಕೊಡಿ ಅಂತ ನಾನು ಹೇಳುತ್ತೇನೆ. ನೂರು ಊರಿನಿಂದ ನೂರು ಊರಿಗೆ ದೂರ, ಅಂದರೆ 10,000 ಚೌಕಗಳ ಒಂದು ದೊಡ್ಡ ಕೋಷ್ಟಕ. ಇದು ತಪ್ಪಿದರೆ ಮುಂದಿನ ಯಾವ ಅಲ್ಗಾರಿದಮ್ ಕೂಡ ನಿಮ್ಮನ್ನು ಕಾಪಾಡುವುದಿಲ್ಲ.

ನಾನು ಮೊದಲ ಸಲ ಇದನ್ನು ಕಲಿಯುವಾಗ ಕೊಲ್ಹಾರದ ಸುತ್ತಮುತ್ತ, ಕೃಷ್ಣೆಯ ಎರಡೂ ದಂಡೆಯ ಊರುಗಳನ್ನು ಸೇರಿಸಿ ನೇರ ಗೆರೆಯ ದೂರ ಹಾಕಿದ್ದೆ. ಲೆಕ್ಕ ಚೆನ್ನಾಗಿ ಬಂತು, ನಕ್ಷೆಯೂ ಚೆಂದ ಕಂಡಿತು. ಪ್ರಿಂಟ್ ತೆಗೆದು ಒಬ್ಬ ಹಿರಿಯ ರೈತರಿಗೆ ತೋರಿಸಿದೆ. "ಕಾಕಾ, ನಿಮ್ಮೂರಿಗೆ ಈ ಊರಾಗಿನ ಕೇಂದ್ರ ಹತ್ತಿರ ಬರತದ" ಅಂದೆ. ಅವರು ನಕ್ಷೆಯ ಮೇಲೆ ಬೆರಳಿಟ್ಟು, "ತಮ್ಮಾ, ನಡುವ ಹಿನ್ನೀರ ಐತಿ. ಅಲ್ಲಿಗೆ ಹೋಗಬೇಕಂದ್ರ ಬ್ರಿಜ್ ಸುತ್ತ ಹಾಕಬೇಕು" ಅಂದರು. ಆಲಮಟ್ಟಿಯ ಹಿನ್ನೀರು ಅಲ್ಲಿ ಎಷ್ಟು ಅಗಲಕ್ಕೆ ಹರಡಿದೆ ಅಂತ ನೋಡಿದವರಿಗೆ ಗೊತ್ತು. ಕಣ್ಣಿಗೆ ಕಾಣುವ ಎದುರು ದಂಡೆಯ ಊರಿಗೆ ಹೋಗಲು ಕೊರ್ತಿ-ಕೊಲ್ಹಾರ ಸೇತುವೆ ಸುತ್ತಿಕೊಂಡೇ ಹೋಗಬೇಕು. ಅವತ್ತಿನಿಂದ ನಾನು ನೇರ ಗೆರೆಯ ದೂರ ಮುಟ್ಟಿಲ್ಲ.

ಹೀಗೆ ಮಾಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಉಚಿತ ನಕ್ಷೆಯಿಂದ ನಿಮ್ಮ ತಾಲ್ಲೂಕಿನ ರಸ್ತೆಗಳನ್ನು ಕ್ಯೂಜಿಐಎಸ್‌ಗೆ ತನ್ನಿ. ಪಕ್ಕದ ತಾಲ್ಲೂಕಿನ ಒಂದಷ್ಟು ರಸ್ತೆಯನ್ನೂ ಸೇರಿಸಿ, ಯಾಕೆಂದರೆ ಜನ ಗಡಿ ನೋಡಿ ಓಡಾಡುವುದಿಲ್ಲ. ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿ ದೂರ ಅಳೆಯಬೇಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಯುಟಿಎಂ (ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43 ಉತ್ತರ ವಲಯದಲ್ಲಿ ಬರುತ್ತವೆ, ಲೇಯರ್‌ಗಳನ್ನು ಅದಕ್ಕೆ ಬದಲಿಸಿಕೊಂಡರೆ ದೂರ ಮೀಟರಿನಲ್ಲೇ ಸಿಗುತ್ತದೆ. ಊರಿನ ಚುಕ್ಕಿ ರಸ್ತೆಗೆ ತಾಗಿದೆಯಾ ನೋಡಿ. ರಸ್ತೆಯ ಗೆರೆಗಳು ಒಂದಕ್ಕೊಂದು ಕೂಡಿವೆಯಾ ನೋಡಿ. ನಕ್ಷೆಯಲ್ಲಿ ಕೂಡಿದಂತೆ ಕಂಡರೂ ನಡುವೆ ಎರಡು ಮೀಟರ್ ಬಿಟ್ಟಿರುತ್ತದೆ, ಆಗ ಕಂಪ್ಯೂಟರ್ ಆ ಊರಿಗೆ ದಾರಿಯೇ ಇಲ್ಲ ಅನ್ನುತ್ತದೆ ಇಲ್ಲವೇ ಊರೆಲ್ಲ ಸುತ್ತಿಸುತ್ತದೆ. ಎಲ್ಲ ಮುಗಿದ ಮೇಲೆ ಕ್ಯೂಜಿಐಎಸ್‌ಗೆ ಸೇರಿಸುವ ಕ್ಯೂನೀಟ್3 ಪ್ಲಗಿನ್ ಹಾಕಿ ಎಲ್ಲ ಊರಿನಿಂದ ಎಲ್ಲ ಊರಿಗೆ ದೂರದ ಕೋಷ್ಟಕ ತೆಗೆಯಿರಿ.

ಆಮೇಲೆ ನಿಮಗೆ ಗೊತ್ತಿರುವ ಹತ್ತು ಜೋಡಿ ಊರು ಆರಿಸಿ, ಕೋಷ್ಟಕದ ದೂರ ಸರಿಯಿದೆಯಾ ಅಂತ ಬಸ್ ಡ್ರೈವರನ್ನೋ ಟಂಟಂನವರನ್ನೋ ಕೇಳಿ. ಸುಮ್ನೆ ಕೇಳಿ, ಅವರು ಖುಷಿಯಿಂದ ಹೇಳುತ್ತಾರೆ. ಹಾಗೇ ಯಾವ ಕಾಲದ ಲೆಕ್ಕ ಅಂತಲೂ ಯೋಚಿಸಿ. ಬೇಸಿಗೆಯ ಮೇವಿಗೆ ಡೋಣಿ ನದಿಯ ತಗ್ಗಿನ ಸೇತುವೆಗಳು ಅಡ್ಡಿಯಲ್ಲ. ಅದೇ ಪ್ರವಾಹದ ಪರಿಹಾರ ಕೇಂದ್ರದ ಲೆಕ್ಕವಾದರೆ ನೀರು ಹತ್ತುವ ಸೇತುವೆಗಳನ್ನು ಜಾಲದಿಂದ ತೆಗೆದು ಕೋಷ್ಟಕ ಹೊಸದಾಗಿ ಮಾಡಬೇಕು.

ಪ್ರತಿ ಊರಿಗೂ ಒಂದು ತೂಕ ಬೇಕು. ಮೇವಿಗೆ ದನಗಳ ಸಂಖ್ಯೆಯೇ ತೂಕ. 2019ರ 20ನೇ ಜಾನುವಾರು ಗಣತಿಯಿಂದ ಶುರು ಮಾಡಿ, ಊರಲ್ಲಿ ಕೇಳಿ ತಿದ್ದಿಕೊಳ್ಳಿ. ಕುರಿ, ಕರು, ಎಮ್ಮೆ ಎಲ್ಲವನ್ನೂ ಒಂದೇ ಅಂತ ಎಣಿಸಬೇಡಿ, ತಿನ್ನುವ ಅಳತೆ ಬೇರೆ ಬೇರೆ.

ಐದು ಊರಿನ ಮೇಲೆ ಕೈಯಲ್ಲೇ ಮಾಡಿ ನೋಡೋಣ

ನೂರು ಊರಿನ ಲೆಕ್ಕಕ್ಕೆ ಇಳಿಯುವ ಮೊದಲು ಇದನ್ನು ಪೆನ್ನು ಹಿಡಿದು ಮಾಡಿ. ಒಮ್ಮೆ ಕೈಯಲ್ಲಿ ಮಾಡಿದರೆ ಮತ್ತೆ ಮರೆಯುವುದಿಲ್ಲ.

ಒಂದೇ ರಸ್ತೆ, ಅದರ ಮೇಲೆ ಐದು ಊರು. ಕ ಊರು ರಸ್ತೆಯ ಶುರುವಿನಲ್ಲಿ, ಅಂದರೆ 0 ಕಿ.ಮೀ.ನಲ್ಲಿ, ಅಲ್ಲಿ 400 ದನ. ಚ ಊರು 4 ಕಿ.ಮೀ.ಗೆ, 300 ದನ. ಟ ಊರು 12ಕ್ಕೆ, 200 ದನ. ತ ಊರು 20ಕ್ಕೆ, 300. ಪ ಊರು 24ಕ್ಕೆ, 350. ಎರಡು ಬ್ಯಾಂಕ್ ಇಡಬೇಕು. ಪ್ರತಿ ಊರಿನ ದನಗಳನ್ನು ಅದರ ಹತ್ತಿರದ ಬ್ಯಾಂಕಿನ ದೂರದಿಂದ ಗುಣಿಸಿ ಎಲ್ಲ ಕೂಡಿಸಿದರೆ ಒಟ್ಟು ಓಡಾಟ. ಅದಕ್ಕೆ ದನ-ಕಿಲೋಮೀಟರ್ ಅನ್ನೋಣ.

ಮೊದಲ ವಿಧಾನ ಗ್ರೀಡಿ, ಅಂದರೆ ಆಸೆಬುರುಕ ವಿಧಾನ. ಒಂದೇ ಬ್ಯಾಂಕ್ ಇದ್ದರೆ ಯಾವುದು ಒಳ್ಳೆಯದು? ನಡುವಿನ ಟ. ಓಡಾಟ 13,800. ಸರಿ, ಟ ಇರಲಿ, ಅದರ ಜೊತೆ ಇನ್ನೊಂದು ಯಾವುದು? ಒಂದೊಂದಾಗಿ ಹಾಕಿ ನೋಡಿದರೆ ಕ ಸೇರಿಸಿದಾಗ 7,800 ಬರುತ್ತದೆ, ಉಳಿದವು ಅದಕ್ಕಿಂತ ಜಾಸ್ತಿ. ಗ್ರೀಡಿಯ ಉತ್ತರ ಟ ಮತ್ತು ಕ. ನಮ್ಮ ಕಚೇರಿಗಳಲ್ಲಿ ನಡೆಯುವುದೂ ಇದೇ ಅಲ್ವಾ? ಮೊದಲ ವರ್ಷ ನಡುವಿನ ಊರಲ್ಲಿ ಒಂದು, ಮುಂದಿನ ವರ್ಷ ದುಡ್ಡು ಬಂದಾಗ ಇನ್ನೊಂದು. ಮೊದಲು ಇಟ್ಟದ್ದನ್ನು ಯಾರೂ ಕದಲಿಸುವುದಿಲ್ಲ.

ಈಗ ಅದಲುಬದಲು. 1968ರಲ್ಲಿ ಮೈಕೆಲ್ ಟೀಟ್ಜ್ ಮತ್ತು ಪಾಲಿ ಬಾರ್ಟ್ ಇಬ್ಬರೂ ಇದನ್ನು ಬರೆದಿಟ್ಟರು, ಇವತ್ತಿಗೂ ಆರ್ಕ್‌ಜಿಐಎಸ್‌ನಂಥ ದೊಡ್ಡ ಸಾಫ್ಟ್‌ವೇರಿನ ಒಳಗೆ ಇದರ ವಂಶದ್ದೇ ವಿಧಾನ ಕೆಲಸ ಮಾಡುತ್ತಿದೆ. ಆರಿಸಿದ ಊರುಗಳಲ್ಲಿ ಒಂದನ್ನು ತೆಗೆದು, ಆರಿಸದ ಒಂದನ್ನು ಹಾಕಿ ನೋಡಿ. ಟ ತೆಗೆದು ಚ ಹಾಕಿದರೆ 13,400, ಕೆಟ್ಟಿತು. ಟ ತೆಗೆದು ಪ ಹಾಕಿದರೆ 4,800. ಟ ತೆಗೆದು ತ ಹಾಕಿದರೆ? ಚ ಊರಿನ 300 ದನ 4 ಕಿ.ಮೀ. ದೂರದ ಕ ಊರಿಗೆ, 1,200. ಟ ಊರಿನ 200 ದನ 8 ಕಿ.ಮೀ. ದೂರದ ತ ಊರಿಗೆ, 1,600. ಪ ಊರಿನ 350 ದನ 4 ಕಿ.ಮೀ. ದೂರದ ತ ಊರಿಗೆ, 1,400. ಒಟ್ಟು 4,200. ಒಂದೇ ಒಂದು ಊರು ಬದಲಿಸಿದ್ದಕ್ಕೆ 7,800 ಇದ್ದದ್ದು 4,200ಕ್ಕೆ ಇಳಿಯಿತು. ಎಲ್ಲರಿಗೂ ಸರಿ ಅನ್ನಿಸಿದ್ದ ನಡುವಿನ ಊರೇ ಇಲ್ಲಿ ತೊಂದರೆ ಮಾಡುತ್ತಿತ್ತು.

ಮತ್ತೆ ಅದಲುಬದಲು ಮಾಡಿ ನೋಡಿ, ಯಾವುದೂ 4,200ಕ್ಕಿಂತ ಕೆಳಗೆ ಹೋಗುವುದಿಲ್ಲ. ಇರುವುದೇ ಹತ್ತು ಜೋಡಿ, ಬೇಕಾದರೆ ಹತ್ತನ್ನೂ ಹಾಕಿ ನೋಡಿ, ಇದೇ ಎಲ್ಲಕ್ಕಿಂತ ಒಳ್ಳೆಯದು.

ನೂರು ಊರು, ಆರು ಬ್ಯಾಂಕ್ ಇದ್ದರೆ ಒಂದು ಸುತ್ತಿನ ಅದಲುಬದಲಿಗೆ 6 ಗುಣಿಸು 94, ಅಂದರೆ 564 ಪ್ರಯತ್ನ. 119 ಕೋಟಿ ಎಲ್ಲಿ, 564 ಎಲ್ಲಿ! ಸಾಮಾನ್ಯವಾಗಿ ಕೆಲವೇ ಸುತ್ತಿನಲ್ಲಿ ನಿಲ್ಲುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬರುತ್ತದೆ ಅಂದರೆ ಒಂದರೊಳಗೊಂದು ಎರಡು ಲೂಪ್, ಒಂದು ಸಣ್ಣ ಫಂಕ್ಷನ್ ಬರೆದರೆ ಮುಗಿಯಿತು. ಬರುವುದಿಲ್ಲ ಅಂದರೆ ಎಕ್ಸೆಲ್ಲಿನಲ್ಲೇ ಪ್ರತಿ ಊರಿನ ಸಾಲಿಗೆ ಆರು ಬ್ಯಾಂಕಿನ ದೂರದಲ್ಲಿ ಅತಿ ಕಡಿಮೆಯದನ್ನು ತೆಗೆದು, ದನದ ಸಂಖ್ಯೆಯಿಂದ ಗುಣಿಸಿ, ಕೊನೆಗೆ ಕೂಡಿಸಿ, ಬ್ಯಾಂಕಿನ ಹೆಸರು ಬದಲಿಸುತ್ತಾ ಹೋಗಿ. ನಿಧಾನ ಆಗುತ್ತದೆ, ಆದರೆ ಊರು ಗೊತ್ತಿರುವವರಿಗೆ ಯಾವುದನ್ನು ಬದಲಿಸಬೇಕು ಅಂತ ಕಣ್ಣಿಗೇ ಕಾಣುತ್ತದೆ.

ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು

ಅದಲುಬದಲಿನ ತೊಂದರೆಯೂ ಇದೇ ಐದು ಊರಲ್ಲಿ ಕಾಣುತ್ತದೆ. ಈ ಸಲ ಚ ಮತ್ತು ಪ ಇಟ್ಟು ಶುರು ಮಾಡಿ. ಓಡಾಟ 4,400. ಈಗ ಒಂದನ್ನು ಬದಲಿಸುವ ಆರೂ ದಾರಿ ನೋಡಿ. ಚ ಬದಲು ಕ ಹಾಕಿದರೆ 4,800, ಟ ಹಾಕಿದರೆ 8,400, ತ ಹಾಕಿದರೆ 14,400. ಪ ಬದಲು ಕ ಹಾಕಿದರೆ 13,400, ಟ ಹಾಕಿದರೆ 8,200, ತ ಹಾಕಿದರೆ 4,600. ಎಲ್ಲವೂ 4,400ಕ್ಕಿಂತ ಜಾಸ್ತಿ! ಹಾಗಾಗಿ ವಿಧಾನ ಇಲ್ಲೇ ನಿಂತುಬಿಡುತ್ತದೆ, ಇದೇ ಒಳ್ಳೆಯದು ಅನ್ನುತ್ತದೆ. ಆದರೆ 4,200 ಇದೆ ಅಂತ ನಮಗೆ ಗೊತ್ತು. ಅಲ್ಲಿಗೆ ಹೋಗಲು ಎರಡೂ ಊರನ್ನು ಬದಲಿಸಬೇಕು, ನಡುವೆ ಒಂದು ಹೆಜ್ಜೆ ಕೆಟ್ಟದ್ದನ್ನು ತುಳಿಯಬೇಕು.

ಇದಕ್ಕೆ ಸುಲಭದ ಮದ್ದು: ಬೇರೆ ಬೇರೆ ಕಡೆಯಿಂದ ಶುರು ಮಾಡುವುದು. ಚೀಟಿ ಎತ್ತಿದ ಹಾಗೆ ಆರು ಊರು ಆರಿಸಿ, ಅದಲುಬದಲು ಮಾಡಿ, ಉತ್ತರ ಬರೆದಿಡಿ. ಮತ್ತೆ ಚೀಟಿ ಎತ್ತಿ. ಐವತ್ತು ನೂರು ಸಲ ಮಾಡಿದರೆ ಒಂದೇ ಉತ್ತರ ಮತ್ತೆ ಮತ್ತೆ ಮೇಲೆ ಬರಲು ಶುರುವಾಗುತ್ತದೆ. ನನ್ನ ಮಟ್ಟಿಗೆ ತಾಲ್ಲೂಕಿನ ಅಳತೆಯ ಕೆಲಸಕ್ಕೆ ಇಷ್ಟು ಸಾಕು, ಇದಕ್ಕಿಂತ ದೊಡ್ಡದನ್ನು ಹೊಸಬರು ಮುಟ್ಟುವ ಅಗತ್ಯ ಕಡಿಮೆ.

ಲೆಕ್ಕ ದೊಡ್ಡದಾದರೆ ಸಿಮ್ಯುಲೇಟೆಡ್ ಅನೀಲಿಂಗ್ ನೋಡಿ. 1983ರಲ್ಲಿ ಕಿರ್ಕ್‌ಪ್ಯಾಟ್ರಿಕ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ಕಾಯಿಸಿದ ಲೋಹವನ್ನು ನಿಧಾನವಾಗಿ ಆರಲು ಬಿಟ್ಟರೆ ಅದರ ಒಳಗಿನ ಕಣಗಳು ಹೊಂದಿಕೊಂಡು ಕೂರುತ್ತವೆ, ಗಡಿಬಿಡಿಯಲ್ಲಿ ನೀರಿಗೆ ಅದ್ದಿದರೆ ಹೇಗಿದ್ದವೋ ಹಾಗೇ ಸಿಕ್ಕಿಕೊಳ್ಳುತ್ತವೆ. ಇಲ್ಲೂ ಹಾಗೇ. ಒಂದು ತಾಪಮಾನದ ಸಂಖ್ಯೆ ಇಟ್ಟುಕೊಳ್ಳುತ್ತೇವೆ. ಬದಲಾವಣೆಯಿಂದ ಓಡಾಟ ಕಡಿಮೆಯಾದರೆ ಒಪ್ಪಿಕೋ. ಜಾಸ್ತಿಯಾದರೂ ಒಮ್ಮೊಮ್ಮೆ ಒಪ್ಪಿಕೋ, ಎಷ್ಟು ಸಲ ಅನ್ನುವುದು ತಾಪಮಾನದ ಮೇಲೆ. ನಮ್ಮ 4,400ರಿಂದ 4,600ಕ್ಕೆ ಹೋಗುವ ಹೆಜ್ಜೆಯನ್ನೇ ತೆಗೆದುಕೊಳ್ಳಿ, ನಷ್ಟ 200. ತಾಪಮಾನ 500 ಇದ್ದಾಗ ಇಂಥ ಹೆಜ್ಜೆಯನ್ನು ನೂರಕ್ಕೆ 67 ಸಲ ಒಪ್ಪುತ್ತದೆ. 100ಕ್ಕೆ ಇಳಿದಾಗ ನೂರಕ್ಕೆ 13-14 ಸಲ. 20ಕ್ಕೆ ಇಳಿದಾಗ ಲಕ್ಷಕ್ಕೆ ನಾಲ್ಕೈದು ಸಲ, ಅಂದರೆ ಇಲ್ಲವೇ ಇಲ್ಲ. 4,600ಕ್ಕೆ ಹೋದ ಮೇಲೆ, ಅಂದರೆ ಚ ಮತ್ತು ತ ಇರುವಾಗ, ಚ ತೆಗೆದು ಕ ಹಾಕಿದರೆ 4,200 ಸಿಕ್ಕಿಯೇ ಬಿಟ್ಟಿತು. ತಾಪಮಾನವನ್ನು ಪ್ರತಿ ಹಂತದಲ್ಲೂ 0.95ರಿಂದ ಗುಣಿಸಿ ಇಳಿಸುವುದು ಸಾಮಾನ್ಯ ರೂಢಿ. ಅವಸರ ಮಾಡಿ 0.5 ಹಾಕಿದರೆ ಮತ್ತೆ ಅದೇ ಹಳೆಯ ಗುಂಡಿಗೆ ಬೀಳುತ್ತೀರಿ. ಇನ್ನೊಂದು ಮಾತು, ದಾರಿಯಲ್ಲಿ ಸಿಕ್ಕ ಅತಿ ಒಳ್ಳೆಯ ಉತ್ತರವನ್ನು ಬೇರೆ ಕಡೆ ಬರೆದಿಡಿ, ಕೊನೆಗೆ ನಿಂತ ಉತ್ತರವೇ ಒಳ್ಳೆಯದು ಅಂತೇನಿಲ್ಲ.

ಟಾಬೂ ಸರ್ಚ್ ಅಂತ ಇನ್ನೊಂದಿದೆ, 1986ರಲ್ಲಿ ಫ್ರೆಡ್ ಗ್ಲೋವರ್ ಹೆಸರಿಟ್ಟದ್ದು. ಈಗಷ್ಟೇ ತೆಗೆದ ಊರನ್ನು ಒಂದಷ್ಟು ಸುತ್ತು ಮತ್ತೆ ಮುಟ್ಟಬೇಡ ಅನ್ನುವ ನಿಯಮ. ಹಲವು ಉತ್ತರಗಳನ್ನು ಬೆರೆಸಿ ಹೊಸ ಉತ್ತರ ಹುಟ್ಟಿಸುವ ಜೆನೆಟಿಕ್ ಅಲ್ಗಾರಿದಮ್ ಕೂಡ ಇದೆ, ಆದರೆ ಈ ಥರದ ಲೆಕ್ಕಕ್ಕೆ ಅದನ್ನು ಮೊದಲ ಆಯ್ಕೆ ಮಾಡಿಕೊಳ್ಳಬೇಡಿ ಅಂತಲೇ ನನ್ನ ಸಲಹೆ. ನಾವೇ ಹೊಂದಿಸಬೇಕಾದ ಸಂಖ್ಯೆಗಳು ಜಾಸ್ತಿ, ಯಾಕೆ ಈ ಉತ್ತರ ಬಂತು ಅಂತ ಊರಿನವರಿಗೆ ಹೇಳುವುದೂ ಕಷ್ಟ.

ನೂರು ಊರಿನ ಸರಳ ಪಿ-ಮೀಡಿಯನ್‌ಗೆ ಹ್ಯೂರಿಸ್ಟಿಕ್ ಬೇಕೇ ಬೇಕು ಅಂತಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. 1970ರಲ್ಲಿ ರೆವೆಲ್ ಮತ್ತು ಸ್ವೇನ್ ಇದನ್ನು ಸಮೀಕರಣಗಳಾಗಿ ಬರೆಯುವ ದಾರಿ ತೋರಿಸಿದರು. ಪೈಥಾನಿನ ಸ್ಪಾಪ್ಟ್, ಪಲ್ಪ್ ಅನ್ನುವ ಸಿದ್ಧ ಕೋಡ್‌ಗಳನ್ನು ಬಳಸಿ ಇಷ್ಟು ಸಣ್ಣ ಲೆಕ್ಕದ ನಿಖರ ಉತ್ತರವನ್ನೇ ತೆಗೆಯಬಹುದು, ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಪ್ರೋಗ್ರಾಂ, ಆ 119 ಕೋಟಿಯನ್ನೂ ಒಂದೊಂದಾಗಿ ನೋಡುವುದಿಲ್ಲ. ಸಾಧ್ಯವಿದ್ದರೆ ಅದನ್ನೂ ಮಾಡಿ, ನಿಮ್ಮ ಅದಲುಬದಲಿನ ಉತ್ತರ ಎಷ್ಟು ಹತ್ತಿರ ಬಂದಿದೆ ಅಂತ ಹೋಲಿಸಿ. ಊರುಗಳು ಸಾವಿರ ದಾಟಿದಾಗ, ಸಮೀಕರಣಕ್ಕೆ ಸಿಗದ ಊರಿನ ಕಟ್ಟಳೆಗಳು ಸೇರಿದಾಗ ಹ್ಯೂರಿಸ್ಟಿಕ್‌ನ ನಿಜವಾದ ಬಲ ಗೊತ್ತಾಗುತ್ತದೆ. ಒಂದು ಫಂಕ್ಷನ್‌ನಲ್ಲಿ ಹೊಸ ನಿಯಮ ಬರೆದರೆ ಮುಗಿಯಿತು.

ಒಟ್ಟು ಕಡಿಮೆ ಆದರೆ ಸಾಕಾ?

ಸಾಲದು. 400 ದನ ಇರುವ ಊರು 3 ಕಿ.ಮೀ. ದೂರದಲ್ಲಿದ್ದರೆ 1,200. 40 ದನ ಇರುವ ಸಣ್ಣ ಊರು 30 ಕಿ.ಮೀ. ದೂರದಲ್ಲಿದ್ದರೂ 1,200. ಲೆಕ್ಕಕ್ಕೆ ಎರಡೂ ಒಂದೇ. 30 ಕಿ.ಮೀ. ಹೋಗಬೇಕಾದ ಮನುಷ್ಯನಿಗೆ ಒಂದೇ ಅಲ್ಲ. ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ. ಹಾಗಾಗಿ ಒಂದು ಗಡಿ ಇಡಿ. ಚಕ್ಕಡಿ ಹೂಡಿ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ವಾಪಸ್ ಬರಬಹುದಾದ ದೂರ ಎಷ್ಟು ಅಂತ ಊರಲ್ಲೇ ಕೇಳಿ. 8 ಕಿ.ಮೀ. ಅಂದರೆ, 8 ದಾಟಿದ ಪ್ರತಿ ಕಿಲೋಮೀಟರಿಗೆ ಮೂರು ಪಟ್ಟು ದಂಡ ಹಾಕಿ ಲೆಕ್ಕ ಮಾಡಿ. ಅಥವಾ 1974ರಲ್ಲಿ ಚರ್ಚ್ ಮತ್ತು ರೆವೆಲ್ ಕೊಟ್ಟ ಇನ್ನೊಂದು ದಾರಿ ಹಿಡಿಯಿರಿ: ಗಡಿಯೊಳಗೆ ಎಷ್ಟು ದನ ಬರುತ್ತವೆ ಅನ್ನುವುದನ್ನೇ ಜಾಸ್ತಿ ಮಾಡುವುದು. ಅದಲುಬದಲು ಅದೇ, ಅಳೆಯುವ ಕೋಲು ಮಾತ್ರ ಬೇರೆ.

ಇನ್ನೊಂದು ಕಟ್ಟಳೆ ದಾಸ್ತಾನು. ನಮ್ಮ ಐದು ಊರಲ್ಲಿ ಒಂದು ಬ್ಯಾಂಕಿಗೆ 800 ದನಕ್ಕಾಗುವಷ್ಟೇ ಮೇವು ಹಿಡಿಯುತ್ತದೆ ಅಂದುಕೊಳ್ಳಿ. ಕ ಮತ್ತು ತ ಇಟ್ಟಾಗ ತ ಊರಿನ ಮೇಲೆ 850 ದನ ಬೀಳುತ್ತವೆ. ಟ ಊರಿನ 50 ದನದ ಮೇವನ್ನು 8 ಕಿ.ಮೀ. ಬದಲು 12 ಕಿ.ಮೀ. ದೂರದ ಕ ಊರಿನಿಂದ ತರಬೇಕು, 200 ಜಾಸ್ತಿ, ಓಡಾಟ 4,400. ಚ ಮತ್ತು ತ ಇಟ್ಟರೆ ಟ ಊರು ಎರಡಕ್ಕೂ ಸರಿಯಾಗಿ 8 ಕಿ.ಮೀ., ಅದರ ದನಗಳನ್ನು ಅರ್ಧ ಅರ್ಧ ಹಂಚಿದರೆ 800 ಮತ್ತು 750, ಓಡಾಟ 4,600ರಲ್ಲೇ ಉಳಿಯುತ್ತದೆ. ಮೊದಲು 400 ಇದ್ದ ಅಂತರ 200ಕ್ಕೆ ಇಳಿಯಿತು ನೋಡಿ.

ಈ ಕಾರಣಕ್ಕೇ ಒಂದೇ ಉತ್ತರ ಹಿಡಿದುಕೊಂಡು ಊರಿಗೆ ಹೋಗಬೇಡಿ. ಚೀಟಿ ಎತ್ತಿ ನೂರು ಸಲ ಓಡಿಸಿದಾಗ ಬಂದ ಉತ್ತರಗಳಲ್ಲಿ ಮೇಲಿನ ಮೂರು ನಾಲ್ಕನ್ನು ಉಳಿಸಿಕೊಳ್ಳಿ. ಒಂದೊಂದಕ್ಕೂ ಒಂದು ನಕ್ಷೆ ಮಾಡಿ, ಯಾವ ಊರು ಯಾವ ಬ್ಯಾಂಕಿಗೆ ಅಂತ ಬಣ್ಣ ಹಾಕಿ, ಪಕ್ಕದಲ್ಲಿ ಮೂರೇ ಸಂಖ್ಯೆ ಬರೆಯಿರಿ: ಒಟ್ಟು ಓಡಾಟ, ಅತಿ ದೂರದ ಊರಿಗೆ ಎಷ್ಟು ಕಿ.ಮೀ., ಪ್ರತಿ ಬ್ಯಾಂಕಿನ ಮೇಲೆ ಎಷ್ಟು ದನ. ನಕ್ಷೆಯನ್ನು ಗ್ರಾಮ ಪಂಚಾಯಿತಿಯ ಮುಂದಿನ ಕಟ್ಟೆಯ ಮೇಲೆ ಹರಡಿ ಕೂತರೆ, ಕಂಪ್ಯೂಟರಿಗೆ ಗೊತ್ತಿರದ ಮಾತುಗಳು ತಾವಾಗಿಯೇ ಬರುತ್ತವೆ. "ಆ ಊರಾಗ ಲಾರಿ ತಿರುಗ್ಸಾಕ ಜಾಗಾ ಇಲ್ರಿ", "ಅಲ್ಲಿ ಗೋದಾಮು ಸೋರತೈತಿ". ಬಂದ ಮಾತನ್ನು ಶೀಟಿನಲ್ಲಿ ಬರೆದುಕೊಂಡು, ಆ ಊರನ್ನು ಪಟ್ಟಿಯಿಂದ ತೆಗೆದು, ಅಲ್ಲೇ ಕೂತು ಇನ್ನೊಮ್ಮೆ ಓಡಿಸಿ ತೋರಿಸಿ. ನೂರು ಊರಿಗೆ ಕೆಲವು ಸೆಕೆಂಡು ಸಾಕು, ಚಹಾ ಬರುವುದರೊಳಗೆ ಹೊಸ ನಕ್ಷೆ ಅವರ ಕೈಯಲ್ಲಿರುತ್ತದೆ.